ನಾಳೆಯ ಮತದಾನದ ಬಗ್ಗೆ ನಾನೇನೂ ಹೇಳುವುದಿಲ್ಲ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲಾ ಮಂಡಳಿಯ ಅಧ್ಯಕ್ಷರೂ ಹಂದಿ ಸಾಕಣೆಯಲ್ಲಿ ಸುತ್ತಮುತ್ತ ಹೆಸರಾದವರೂ ಆದ ಡ್ವೈಟ್ ಫ್ಲೂಗರ್ ಅವರೇ, ರಾಜಧಾನಿಯಿಂದ ಇಷ್ಟು ದೂರ ಕಾರು ಓಡಿಸಿಕೊಂಡು ಬಂದು ಈ ಭಾರವಾದ ಫಲಕವನ್ನು ನನ್ನ ಕೈಗಿಟ್ಟ ಶಾಲಾ ಸೂಪರಿಂಟೆಂಡೆಂಟರ ಸಂಘದ ಮಾನ್ಯ ಪ್ರತಿನಿಧಿಗಳೇ, ಚರ್ಚಿನ ಈ ನೆಲಮಾಳಿಗೆಯನ್ನು ಬಿಟ್ಟಿಯಾಗಿ ಬಿಟ್ಟುಕೊಟ್ಟ ಪಾಸ್ಟರ್ ಲಿಂಡಾಲ್ ಅವರೇ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇಗ ಮುಗಿಸು, ಕಾಫಿ ಆರುತ್ತಿದೆ ಎಂದು ಕಣ್ಣಲ್ಲೇ ಹೇಳುತ್ತಿರುವ ಮಹಿಳಾ ಸಂಘದ ಸೋದರಿಯರೇ, ನಮ್ಮ ಶಿಕ್ಷಕರೇ, ಬಸ್ ಚಾಲಕರೇ, ಮೊದಲ ಸಾಲಿನಲ್ಲಿ ಕೂತು ನನ್ನ ಮುಖಕ್ಕೇ ಫೋನು ಹಿಡಿದಿರುವ ನನ್ನ ಸ್ವಂತ ಅಣ್ಣ ಆರ್ವಿಡ್ ಹೆಗ್‌ಸ್ಟಾಡನೇ, ಮತ್ತು ನಾರ್ಡಾಲ್ ಊರಿನ ಸಮಸ್ತ ಸಭಿಕರೇ,

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾಳೆ ನಮ್ಮ ಊರಿನಲ್ಲಿ ಒಂದು ಮತದಾನ ಇದೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಬಾರದು. ಕಾನೂನು ಹಾಗಿದೆ. ಶಾಲೆಯ ಮಾಡು, ಅಂದರೆ ಇಡೀ ಚಾವಣಿ, ಹೊಸದು ಮಾಡಿಸಲು, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಬದಲಾಯಿಸಲು ಸಾಲ ಎತ್ತಬೇಕೇ ಬೇಡವೇ, ಆ ಸಾಲವನ್ನು ನಿಮ್ಮ ಆಸ್ತಿ ತೆರಿಗೆಯಿಂದ ತೀರಿಸಬೇಕೇ ಬೇಡವೇ ಎಂದು ನಾಳೆ ನಿಮ್ಮನ್ನು ಕೇಳುತ್ತಾರೆ. ನಾನು ಸೂಪರಿಂಟೆಂಡೆಂಟ್. ಮಾಹಿತಿ ಕೊಡಬಹುದು, ಮತ ಕೇಳಬಾರದು. ಮಾಡಿಗೆ ಎಷ್ಟು ವಯಸ್ಸು ಎಂದು ಹೇಳಬಹುದು, ಅದು ಮುದಿಯಾಯಿತು ಎಂದು ಹೇಳಬಾರದು. ನೀರು ಸೋರುತ್ತದೆ ಎನ್ನಬಹುದು, ಅಯ್ಯೋ ಎನ್ನಬಾರದು. ಅಲ್ಲಿ ಕಾಫಿ ಹಂಡೆಯ ಪಕ್ಕದಲ್ಲಿ ಕೂತಿರುವವರು ನಮ್ಮ ವಕೀಲರು, ಜೋನ್ ಕೆಸ್ಲರ್. ನಾನು ಗಡಿ ದಾಟಿದರೆ ಕೆಮ್ಮುತ್ತೇನೆ ಎಂದಿದ್ದಾರೆ. ಜೋನ್, ಗಂಟಲು ಸರಿಯಾಗಿದೆ ತಾನೇ? ಸಂತೋಷ.

ನನ್ನ ಅಣ್ಣ ಫೋನು ಹಿಡಿದು ಕೂತಿರುವುದೂ ಇದಕ್ಕೇ. ತಂಗಿಯ ಸನ್ಮಾನವನ್ನು ನೆನಪಿಗಿಟ್ಟುಕೊಳ್ಳಲು ಎಂದು ಹೊರಗಿನಿಂದ ಬಂದವರು ಅಂದುಕೊಂಡೀರಿ. 'ಬೇಡ' ಪಕ್ಷಕ್ಕೆ ಅವನೇ ನಾಯಕ. ಊರಿಗೆ ಬರುವ ದಾರಿಯಲ್ಲಿ ಹೊಲದ ಬೇಲಿಗೆ ಕಟ್ಟಿದ ಕೆಂಪು ಹಲಗೆಗಳನ್ನು ನೋಡಿದಿರಲ್ಲ, ಅವೆಲ್ಲ ಅವನದೇ ಕೈಬರಹ. ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಖ ನೋಡದೆ, ಪಂಪಿನ ಮುಖ ನೋಡಿಕೊಂಡು ಹೇಳಿದ: "ಸನ್ಮಾನದಲ್ಲಿ ಒಂದೇ ಒಂದು ಮಾತು ಹೆಚ್ಚುಕಮ್ಮಿ ಬರ್ಲಿ, ವರ್ನಾ. ದೂರು ಕೊಡ್ತೀನಿ. ಇಡೀ ಮತದಾನ ರದ್ದಾಗ್ಬೇಕು, ಹಂಗೆ ಕೊಡ್ತೀನಿ." ಇದೇ ಸಾಲಕ್ಕೆ ಹಿಂದೆ ಎರಡು ಸಲ ಮತದಾನವಾಗಿದೆ; ಮೊದಲ ಸಲದ ನಂತರ ನಮ್ಮ ನಡುವೆ ನಡೆದ ಅತಿ ಉದ್ದದ ಸಂಭಾಷಣೆ ಅದು.

ಇರಲಿ. ಸಂಘದವರು ನನ್ನ ಬಗ್ಗೆ ಬರೆದು ತಂದದ್ದನ್ನು ಓದಿದರು. 'ದೂರದೃಷ್ಟಿಯ ನಾಯಕತ್ವ' ಎಂದರು. 'ಸಂಪನ್ಮೂಲಗಳ ಸಮರ್ಥ ನಿರ್ವಹಣೆ' ಎಂದರು. ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಗೋಡೆ ಇತ್ತು.

ಸೂಪರಿಂಟೆಂಡೆಂಟ್ ಎಂದರೆ ಯಾರು? ಒಂದು ಶಾಲಾ ಜಿಲ್ಲೆಯನ್ನು ಮುನ್ನಡೆಸುವವರು ಎಂದು ಪುಸ್ತಕದಲ್ಲಿದೆ. ದೊಡ್ಡ ಊರುಗಳಲ್ಲಿ ಅವರಿಗೆ ಉಪ ಸೂಪರಿಂಟೆಂಡೆಂಟರು, ಸಹಾಯಕ ಸೂಪರಿಂಟೆಂಡೆಂಟರು, ಆ ಸಹಾಯಕರಿಗೆ ಸಹಾಯಕರು ಇರುತ್ತಾರೆ. ನಮ್ಮ ಜಿಲ್ಲೆ ಎಂದರೆ ಒಂದೇ ಕಟ್ಟಡ, ಸುತ್ತ ಮೆಕ್ಕೆಜೋಳ. ಶಿಶುವಿಹಾರದ ಮಗುವೂ ಮೀಸೆ ಬಂದ ಹುಡುಗನೂ ಒಂದೇ ಬಾಗಿಲಲ್ಲಿ ಒಳಗೆ ಬರುತ್ತಾರೆ. ನನ್ನ ಸಹಾಯಕ ಸಿಬ್ಬಂದಿ ಎಂದರೆ ಒಂದು ಹಳೇ ಪಿಕಪ್ ಗಾಡಿ. ಚಾಲಕರಿಗೆ ಜ್ವರ ಬಂದರೆ ಬಸ್ ಓಡಿಸುವುದು ಯಾರು? ಸೂಪರಿಂಟೆಂಡೆಂಟ್. ಅಡುಗೆಯವರು ಕಡಿಮೆಯಾದರೆ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸುವುದು ಯಾರು? ಸೂಪರಿಂಟೆಂಡೆಂಟ್. ಬಾಸ್ಕೆಟ್‌ಬಾಲ್ ಆಟದಲ್ಲಿ ಎರಡು ಕಡೆಯ ತಂದೆಯರು ತೋಳೇರಿಸಿದಾಗ ನಡುವೆ ನುಗ್ಗಿ ಗುದ್ದು ತಿನ್ನುವುದು ಯಾರು? ಎರಡು ಸಲ ತಿಂದಿದ್ದೇನೆ, ಒಂದು ಸಲ ಪಾಸ್ಟರ್ ಕೈಯಿಂದ. ಪಾಸ್ಟರ್, ನೀವು ಆಗಲೇ ಕ್ಷಮೆ ಕೇಳಿದ್ದೀರಿ, ತಲೆ ತಗ್ಗಿಸಬೇಡಿ.

ನಮಗೆ ಯಜಮಾನರು ಯಾರು ಎಂದು ಕೇಳಿ. ಮಂಡಳಿಯ ಏಳು ಜನ. ಅವರನ್ನು ಆರಿಸುವವರು ನೀವು. ಅಂದಮೇಲೆ ಈ ಕೋಣೆಯಲ್ಲಿ ಒಲೆಯಲ್ಲಿ ಬೇಯಿಸಿದ ಹಾಟ್‌ಡಿಶ್ ಊಟ ಮಾಡುತ್ತಿರುವ ಪ್ರತಿಯೊಬ್ಬರೂ ನನ್ನನ್ನು ಕೆಲಸದಿಂದ ತೆಗೆಯಬಲ್ಲವರು. ನಾನು ಯಾರನ್ನಾದರೂ ತೆಗೆಯಬೇಕೆಂದರೆ? ಅವರು ಡ್ವೈಟ್ ಅವರ ಹೆಂಡತಿಯ ತಂಗಿಯಾಗಿರುತ್ತಾರೆ.

ಹಿಮ ಬಿದ್ದ ಬೆಳಿಗ್ಗೆಯ ಕಥೆ ಕೇಳಿ. ಶಾಲೆ ನಡೆಸಬೇಕೋ, ರಜೆ ಕೊಡಬೇಕೋ ಎಂದು ತೀರ್ಮಾನಿಸುವವಳು ನಾನೊಬ್ಬಳೇ. ನಡೆಸಿದರೆ ಮಕ್ಕಳನ್ನು ಸಾಯಿಸುವವಳು, ರಜೆ ಕೊಟ್ಟರೆ ಸೋಮಾರಿ. ಊರೆಲ್ಲ ಮಲಗಿರುವಾಗ ಪಿಕಪ್ ತೆಗೆದುಕೊಂಡು ರಸ್ತೆ ನೋಡಲು ಹೊರಡುತ್ತೇನೆ. ನಾನು ಈ ಹುದ್ದೆಗೆ ಬಂದ ಮೊದಲ ಚಳಿಗಾಲದಲ್ಲಿ ಹಾಗೆ ನೋಡಲು ಹೋಗಿ, ಗಾಡಿ ಸಮೇತ ರಸ್ತೆ ಬದಿಯ ಹಳ್ಳಕ್ಕೆ ಬಿದ್ದೆ. ಎಳೆದು ತೆಗೆಯಲು ಟ್ರ್ಯಾಕ್ಟರ್ ತಂದವನು ಆರ್ವಿಡ್. ಸರಪಳಿ ಕಟ್ಟುತ್ತಾ, ಗಡ್ಡದ ತುಂಬ ಹಿಮ, ಕೇಳಿದ: "ರಜಾ ಕೊಡ್ಬೇಕೋ ಬೇಡ್ವೋ ಅಂತ ಈಗ್ಲಾದ್ರೂ ಗೊತ್ತಾಯ್ತಾ, ಮೇಡಂ? ಇಲ್ಲಾ ಇನ್ನೊಂದ್ ಸಲ ಬಿದ್ದು ನೋಡ್ತೀರಾ?" ಆಮೇಲೆ ಅವನ ಮನೆಯಲ್ಲಿ ಕಾಫಿ ಕುಡಿದೆವು. ಆ ಟ್ರ್ಯಾಕ್ಟರಿನ ಬಿಸಿ ಕ್ಯಾಬಿನ್ನಿನಲ್ಲಿ ಅವನ ಪಕ್ಕ ಕೂತು ಬಂದದ್ದು ನನಗೆ ಈ ಫಲಕಕ್ಕಿಂತ ದೊಡ್ಡ ಸನ್ಮಾನ. ಇದು ಮಾಹಿತಿ ಅಲ್ಲ, ಅಭಿಪ್ರಾಯ. ಆದರೆ ಮತದಾನಕ್ಕೆ ಸಂಬಂಧಿಸಿದ್ದಲ್ಲ, ಜೋನ್.

ನಾನು ಈ ಕುರ್ಚಿಗೆ ಬಂದದ್ದು ಹೇಗೆ ಎಂದು ಸಂಘದವರ ಬರಹದಲ್ಲಿ ಇರಲಿಲ್ಲ. ಹಿಂದಿನ ಸೂಪರಿಂಟೆಂಡೆಂಟ್ ಕ್ರಿಸ್‌ಮಸ್ ರಜೆಗೆಂದು ಆರಿಜೋನಾಕ್ಕೆ ಹೋದವರು ಬೆಚ್ಚಗಿದೆ ಎಂದು ಅಲ್ಲೇ ಉಳಿದರು. ನಾನು ಆಗ ಗಣಿತ ಹೇಳಿಕೊಡುತ್ತಿದ್ದೆ, ಪ್ರಿನ್ಸಿಪಾಲಳೂ ಆಗಿದ್ದೆ. ಡ್ವೈಟ್ ನನ್ನ ಕೋಣೆಗೆ ಬಂದು, ಟೊಪ್ಪಿ ತೆಗೆದು, "ನೀನೇ ಮಾಡು ವರ್ನಾ. ಹೆಂಗೂ ಬೈಸ್ಕೊಂಡು ರೂಢಿ ಇದೆ ನಿಂಗೆ" ಎಂದರು. ಅದೇ ನನ್ನ ಸಂದರ್ಶನ.

ಸುದ್ದಿ ಹೇಳಲು ಅಣ್ಣನ ಮನೆಗೆ ಹೋದೆ. ಅವನು ಕೊಟ್ಟಿಗೆಯಲ್ಲಿದ್ದ. ಹೇಳಿದೆ. ಅವನು ಒಂದು ಹಸುವಿನ ಹಾಲು ಕರೆದು ಮುಗಿಸಿ, ಎದ್ದು, "ಅವ್ವ ಇದ್ದಿದ್ರೆ ನಿನ್ ಬಾಯಿ ಸೋಪಲ್ಲಿ ತೊಳೀತಿದ್ಲು" ಎಂದ. ತಮಾಷೆಗೆ ಅಂದದ್ದಲ್ಲ. ನಮ್ಮ ಮನೆಯಲ್ಲಿ 'ಸೂಪರಿಂಟೆಂಡೆಂಟ್' ಎನ್ನುವುದು ಬೈಗುಳ. ಮೊಂಡು ಎತ್ತಿಗೆ ಅಪ್ಪ ಇಟ್ಟ ಹೆಸರು ಅದು.

ಯಾಕೆ ಎಂದು ಇಲ್ಲಿ ಹಿರಿಯರಿಗೆ ಗೊತ್ತು, ಕಿರಿಯರಿಗೆ ಗೊತ್ತಿಲ್ಲ. ಆರ್ವಿಡ್ ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಅಪ್ಪನ ಸೊಂಟದ ಮೇಲೆ ಹುಲ್ಲಿನ ಗಾಡಿ ಹರಿಯಿತು. ಹಸುಗಳು ಕಾಯುತ್ತವೆಯೇ? ಅಣ್ಣ ಶಾಲೆ ಬಿಟ್ಟು ಹಾಲು ಕರೆಯಲು ನಿಂತ. ವಸಂತ ಕಾಲದಲ್ಲಿ ಅಂದಿನ ಸೂಪರಿಂಟೆಂಡೆಂಟ್ ಸ್ಟ್ರಾಮ್‌ಕ್ವಿಸ್ಟ್ ಎಂಬವರು ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ನಮ್ಮ ಕೊಟ್ಟಿಗೆಗೆ ಬಂದರು. ನಾನು ಚಿಕ್ಕವಳು, ಹುಲ್ಲಿನ ಅಟ್ಟದ ಮೇಲಿಂದ ನೋಡುತ್ತಿದ್ದೆ. "ಹಾಜರಿ ಸಾಲ್ದು ಆರ್ವಿಡ್. ಸರ್ಟಿಫಿಕೇಟ್ ಕೊಡಕ್ಕಾಗಲ್ಲ. ನಿಯಮ ನಿಯಮಾನೇ" ಎಂದರು. ಅಣ್ಣ, "ಪರೀಕ್ಷೆ ಬರೀತೀನಿ ಸಾರ್, ಎಲ್ಲಾ ಓದ್ಕೊಂಡಿದೀನಿ, ರಾತ್ರಿ ಓದ್ತೀನಿ" ಎಂದ. ಅವರು ಬೂಟು ನೋಡಿಕೊಂಡು ಹೊರಟುಹೋದರು. ಅಣ್ಣ ಅಳಲಿಲ್ಲ. ಹಸುಗಳ ಕಡೆ ತಿರುಗಿ ನಿಂತ. ನಾನು ಅಟ್ಟದ ಮೇಲೆ ಅತ್ತೆ. ಶಾಲೆಯ ಪಡಸಾಲೆಯಲ್ಲಿ ಪ್ರತಿ ವರ್ಷದವರ ಫೋಟೋ ಸಾಲಾಗಿ ಇದೆಯಲ್ಲ, ಆ ವರ್ಷದ ಚೌಕಟ್ಟಿನಲ್ಲಿ ಅವನಿಲ್ಲ. ಅದರ ಮುಂದೆ ನಾನು ದಿನಾ ಓಡಾಡುತ್ತೇನೆ.

ಈ ಕಥೆ ಯಾಕೆ ಹೇಳಿದೆ? ನನಗೂ ಗೊತ್ತಿಲ್ಲ. ಆರ್ವಿಡ್, ಫೋನು ಸ್ವಲ್ಪ ಕೆಳಗಿಳಿದಿದೆ, ನನ್ನ ಮೊಣಕಾಲು ರೆಕಾರ್ಡ್ ಆಗುತ್ತಿರಬಹುದು.

ಮತದಾನಕ್ಕೆ ಬರೋಣ. ಕೆಮ್ಮಬೇಡಿ, ಹಿಂದೆ ನಡೆದದ್ದರ ಬಗ್ಗೆ ಮಾತ್ರ. ಮೊದಲ ಸಲ ನಾವು ಸೋತದ್ದು ಏಕೆ? ನನ್ನ ದೂರದೃಷ್ಟಿಯಿಂದ. ಕಟಾವಿನ ಕಾಲದಲ್ಲಿ ದಿನಾಂಕ ಇಟ್ಟೆ. ಎರಡು ವಾರ ಜಡಿಮಳೆ ಹಿಡಿದು, ಸರಿಯಾಗಿ ಅದೇ ದಿನ ಬಿಸಿಲು ಬಿತ್ತು. ನಮ್ಮ ಪರ ಇದ್ದವರೆಲ್ಲ ಕಂಬೈನ್ ಕೊಯ್ಲು ಯಂತ್ರ ಹತ್ತಿ ಹೊಲಕ್ಕೆ ಹೋದರು. ಮತ ಹಾಕಲು ಬಂದವರು ಹೊಲವನ್ನು ಗುತ್ತಿಗೆಗೆ ಕೊಟ್ಟು ಕೂತ ನಿವೃತ್ತರು. ಒಣಗಿದ ಜೋಳವನ್ನೂ ಶಾಲೆಯನ್ನೂ ಎದುರೆದುರು ನಿಲ್ಲಿಸಿದರೆ ಈ ಊರಿನಲ್ಲಿ ಯಾವುದು ಗೆಲ್ಲುತ್ತದೆ ಎಂದು ಇಲ್ಲೇ ಹುಟ್ಟಿದವಳಿಗೆ ತಿಳಿಯಬೇಡವೇ?

ಎರಡನೇ ಸಲ ಸೋತದ್ದು ಗಾಜಿನಿಂದ. ನಗರದಿಂದ ಒಬ್ಬ ವಾಸ್ತುಶಿಲ್ಪಿಯನ್ನು ಕರೆಸಿ, ದುರಸ್ತಿಯಾದ ಶಾಲೆ ಹೇಗೆ ಕಾಣುತ್ತದೆ ಎಂದು ಚಿತ್ರ ಬರೆಸಿ ಮನೆಮನೆಗೆ ಕಳಿಸಿದೆ. ಆತ ಮುಂಬಾಗಿಲಿಗೆ ನೆಲದಿಂದ ಸೂರಿನವರೆಗೆ ಗಾಜು ಇಟ್ಟಿದ್ದ. ಅದರ ಮುಂದೆ ಕೋಟಿಲ್ಲದೆ, ಟೊಪ್ಪಿಯಿಲ್ಲದೆ ನಗುತ್ತಾ ನಿಂತ ಮಕ್ಕಳು. ಅಂಥ ಮಕ್ಕಳು ಈ ಊರಿನಲ್ಲಿ ಜುಲೈ ಬಿಟ್ಟು ಬೇರೆ ತಿಂಗಳು ಇರುವುದಿಲ್ಲ. ಮಾಡಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಕಾಫಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಇದೇ ನೆಲಮಾಳಿಗೆಯಲ್ಲಿ, ಒಂದೇ ಪ್ರಶ್ನೆ. "ಅಷ್ಟೊಂದ್ ಗಾಜು ಯಾಕಂತೆ?" "ಯಾರಂತೆ ಒರೆಸೋರು?" "ನಾವೇನು ವಿಮಾನ ನಿಲ್ದಾಣ ಕಟ್ತಿದೀವಾ?" ನೋಡಿ, ನಮ್ಮವರು ಬಡತನ ಸಹಿಸುತ್ತಾರೆ, ಚಳಿ ಸಹಿಸುತ್ತಾರೆ, ನನ್ನ ಭಾಷಣ ಸಹಿಸುತ್ತಾರೆ. ಮೆರೆಯುವುದನ್ನು ಮಾತ್ರ ಸಹಿಸುವುದಿಲ್ಲ. ಹೊಸ ಟ್ರ್ಯಾಕ್ಟರ್ ತಂದರೂ ಮೊದಲು ಕೆಸರಲ್ಲಿ ಓಡಿಸಿ ಆಮೇಲೆ ಊರೊಳಗೆ ತರುವ ಜನ ನಾವು. ಆ ಗಾಜು ಚಿತ್ರದಲ್ಲಿ ಮಾತ್ರ ಇತ್ತು, ಲೆಕ್ಕದಲ್ಲಿ ಇರಲೇ ಇಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಆರ್ವಿಡ್‌ಗೆ ಬೇಲಿಗೆ ಕಟ್ಟಲು ಅದೊಂದೇ ಪದ ಸಾಕಾಯಿತು. ಹಲಗೆಯ ಮೇಲೆ 'ಗಾಜು' ಎಂದಷ್ಟೇ ಬರೆದ.

ಈ ಮೂರನೇ ಸಲದ ಚಿತ್ರದಲ್ಲಿ ಗಾಜಿಲ್ಲ. ಮಾಡು ಇದೆ, ಮೇಲೆ ಮೋಡ ಇದೆ. ಇದು ಮಾಹಿತಿ. ನಾಳೆ ಇಡೀ ದಿನ ಮಳೆಯಂತೆ, ಕಂಬೈನ್ ಹೊಲಕ್ಕಿಳಿಯುವುದಿಲ್ಲ. ಇದು ಹವಾಮಾನ ಇಲಾಖೆಯ ಮಾಹಿತಿ.

ಇನ್ನೂ ಕೆಲವು ಮಾಹಿತಿ ಕೊಡುತ್ತೇನೆ. ನನ್ನ ಸನ್ಮಾನ ಶಾಲೆಯ ಜಿಮ್ನಾಸಿಯಂನಲ್ಲಿ ನಡೆಯದೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತಿದೆ. ಯಾಕೆಂದು ಹೇಳುವುದಿಲ್ಲ. ಅಲ್ಲಿ ಬಕೆಟ್ಟುಗಳಿವೆ ಎಂದಷ್ಟೇ ಹೇಳುತ್ತೇನೆ. ಒಂದನೇ ತರಗತಿಯ ಮಕ್ಕಳು ಪಡಸಾಲೆಯ ಬಕೆಟ್ಟುಗಳಿಗೆಲ್ಲ ಮಂಡಳಿಯ ಸದಸ್ಯರ ಹೆಸರಿಟ್ಟಿದ್ದಾರೆ. ಎಲ್ಲಕ್ಕಿಂತ ಬೇಗ ತುಂಬುವುದು ಫ್ಲೂಗರ್ ಬಕೆಟ್. ಡ್ವೈಟ್, ಅದು ನಿಮ್ಮ ಗಾತ್ರದ ಬಗ್ಗೆ ಅಲ್ಲ, ನಿಂತ ಜಾಗದ ಬಗ್ಗೆ. ಮೊನ್ನೆ ಒಬ್ಬ ಪುಟ್ಟ ಹುಡುಗಿ, ಎರಡು ಜಡೆ, ಮುಂದಿನ ಹಲ್ಲಿಲ್ಲ, ನನ್ನ ಕಚೇರಿಯ ಬಾಗಿಲು ತಟ್ಟಿ, "ಡ್ವೈಟ್ ತುಂಬೋದ, ಡ್ವೈಟ್‌ನ ಯಾರು ಚೆಲ್ತಾರೆ?" ಎಂದು ಕೇಳಿದಳು. ಅವಳ ಹೆಸರು ಟಿಲ್ಡಾ ಹೆಗ್‌ಸ್ಟಾಡ್. ಹೌದು, ಆರ್ವಿಡ್‌ನ ಮೊಮ್ಮಗಳು. ಇಬ್ಬರೂ ಸೇರಿ ಚೆಲ್ಲಿದೆವು. ಇದೇ ನನ್ನ ಸಂಪನ್ಮೂಲಗಳ ಸಮರ್ಥ ನಿರ್ವಹಣೆ.

ನಾಳೆ 'ಹೌದು' ಗೆಲ್ಲದೆ ಹೋದರೆ ಏನಾಗುತ್ತದೆ? ಇದನ್ನು ಹೇಳಲು ಜೋನ್ ಅನುಮತಿ ಕೊಟ್ಟಿದ್ದಾರೆ, ಮುಖ ಸಪ್ಪಗೆ ಇಟ್ಟುಕೊಂಡು ಹೇಳಬೇಕು ಎಂಬ ಷರತ್ತಿನ ಮೇಲೆ. ಕಟ್ಟಡ ತಪಾಸಣೆಯವರು ಬೇಸಿಗೆಯಲ್ಲಿ ಬಾಗಿಲಿಗೆ ಬೀಗ ಹಾಕುತ್ತಾರೆ. ನಮ್ಮ ಜಿಲ್ಲೆಯನ್ನು ವಿಸರ್ಜಿಸಿ ದೂರದ ವೆಲ್ಡನ್ ಸಿಟಿಯ ಜಿಲ್ಲೆಗೆ ಸೇರಿಸುತ್ತಾರೆ. ಬಸ್ ಬೆಳಿಗ್ಗೆ ಕತ್ತಲಲ್ಲಿ ಹೊರಟು ಸಂಜೆ ಕತ್ತಲಲ್ಲಿ ಬರುತ್ತದೆ. ನಮ್ಮ ಮಕ್ಕಳು ನಮ್ಮ ಎದುರಾಳಿಗಳಾದ ವೆಲ್ಡನ್ ಸಿಟಿಯ ಹಸಿರು ಅಂಗಿ ತೊಟ್ಟು ಫುಟ್‌ಬಾಲ್ ಆಡುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೋ ನರಳಿದಿರಿ, ಕೇಳಿಸಿತು. ತೆರಿಗೆ ಕಡಿಮೆಯಾಗುತ್ತದೆಯೇ? ಇಲ್ಲ. ಅವರ ಹೊಸ ಶಾಲೆಯ ಸಾಲಕ್ಕೆ ನೀವೂ ತೆರುತ್ತೀರಿ. ಅಲ್ಲಿ ನಿಜವಾಗಿಯೂ ಗಾಜಿದೆ. ನನ್ನ ಮುಖ ಸಪ್ಪಗೆ ಇತ್ತೇ, ಜೋನ್?

ಕ್ಷಮಿಸಿ, ಗಡಿಯಾರ ನೋಡುತ್ತಿದ್ದೆ. ಎಂಟಾಯಿತು.

ಸಭಿಕರೇ, ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಕೊರೆದದ್ದು ಯಾಕೆ ಎಂದು ಈಗ ಹೇಳಬಹುದು. ಇವತ್ತು ಮಧ್ಯಾಹ್ನ ಶಾಲಾ ಮಂಡಳಿಯ ವಿಶೇಷ ಸಭೆ ಇತ್ತು. ನಿಯಮದಂತೆ ಮುಂಚೆಯೇ ಶಾಲೆಯ ಬಾಗಿಲಿಗೆ ನೋಟಿಸು ಅಂಟಿಸಿದ್ದೆವು. ನಿಮ್ಮಲ್ಲಿ ಎಷ್ಟು ಜನ ಓದಿದಿರಿ? ಯಾರೂ ಇಲ್ಲ. ಫುಟ್‌ಬಾಲ್ ಕೋಚನ್ನು ತೆಗೆಯುವ ಮಾತಿದ್ದರೆ ನಮ್ಮ ಸಭೆಗೆ ಕುರ್ಚಿ ಸಾಲುವುದಿಲ್ಲ. ಉಳಿದ ದಿನ ಪತ್ರಿಕೆಯ ವರದಿಗಾರ ಒಬ್ಬ ಬರುತ್ತಾನೆ, ಅವನೂ ನಿದ್ದೆ ಮಾಡಲು. ಇವತ್ತು ಅವನೂ ಇರಲಿಲ್ಲ. ಆರ್ವಿಡ್, ನೀನೂ ಬರಲಿಲ್ಲ. ಬಿಸಿಲಿತ್ತು, ನೀನು ಜೋಳ ಕೊಯ್ಯುತ್ತಿದ್ದೆ. ಸಭೆಯಲ್ಲಿ ಇದ್ದದ್ದು ಒಂದೇ ವಿಷಯ, ನನ್ನ ರಾಜೀನಾಮೆ. ಇಂದು ರಾತ್ರಿ ಎಂಟು ಗಂಟೆಯಿಂದ ಜಾರಿ. ಏಳು ಜನರೂ ಒಪ್ಪಿದರು. ಡ್ವೈಟ್ ಕಣ್ಣೊರೆಸಿಕೊಂಡು, "ಥೂ, ಹಂದಿಮನೆ ಧೂಳು" ಎಂದರು.

ಗದ್ದಲ ಬೇಡ, ಕೂತುಕೊಳ್ಳಿ. ಸಂಘದ ಪ್ರತಿನಿಧಿಗಳೇ, ನೀವು ಗಾಬರಿಯಾಗಬೇಡಿ. ಫಲಕ ತೆಗೆದುಕೊಳ್ಳುವಾಗ ನಾನು ಸೂಪರಿಂಟೆಂಡೆಂಟಳೇ ಆಗಿದ್ದೆ. ಪ್ರಿನ್ಸಿಪಾಲ್ ಹುದ್ದೆಯೂ ಇಲ್ಲ, ಗಣಿತದ ತರಗತಿಯೂ ಇಲ್ಲ, ಈಗ ನಾನು ಈ ಊರಿನ ಒಬ್ಬ ನಿರುದ್ಯೋಗಿ ಹೆಂಗಸು, ಮತ ಕೇಳಬಾರದೆಂಬ ಕಾನೂನು ನನಗಿನ್ನು ಇಲ್ಲ. ಇದು ನನಗೆ ಸುಲಭ ಅಂದುಕೊಳ್ಳಬೇಡಿ. ನಾನು ಈ ಕೆಲಸವನ್ನು ಪ್ರೀತಿಸಿದ್ದೇನೆ, ಹಳ್ಳಕ್ಕೆ ಬಿದ್ದಾಗಲೂ. ಆದರೆ ಶಾಲೆಯೇ ಇಲ್ಲದ ಮೇಲೆ ಸೂಪರಿಂಟೆಂಡೆಂಟಳನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಬಕೆಟ್ಟಿಗೆ ಹೆಸರಿಡುತ್ತೀರಾ? ಬಾಯಿ ಕಟ್ಟಿಕೊಂಡು ಕುರ್ಚಿ ಉಳಿಸಿಕೊಳ್ಳುವುದಕ್ಕಿಂತ ಬಾಯಿ ಬಿಡಿಸಿಕೊಂಡು ಮನೆಗೆ ಹೋಗುವುದು ವಾಸಿ ಎನಿಸಿತು. ಹಾಗಾಗಿ ಈಗ ಹೇಳುತ್ತೇನೆ, ಕೇಳಿ. ಆ ಮಾಡು ಮುದಿಯಾಗಿದೆ. ಅಯ್ಯೋ! ಆ ಬಾಯ್ಲರ್ ನನ್ನ ಅಜ್ಜಿಗಿಂತ ಹೆಚ್ಚು ಕೆಮ್ಮುತ್ತದೆ. ನಾಳೆ ಮಳೆಯಲ್ಲಿ ನೆನೆದುಕೊಂಡಾದರೂ ಬನ್ನಿ, ಬಂದು 'ಹೌದು' ಎಂದು ಮತ ಹಾಕಿ. ಆಹಾ, ಎಷ್ಟು ವರ್ಷದಿಂದ ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು!

ಇನ್ನೊಂದು ಮಾತು ಒಬ್ಬನಿಗೆ ಮಾತ್ರ. ಉಳಿದವರು ಕಿವಿ ಮುಚ್ಚಿಕೊಳ್ಳುವುದಿಲ್ಲ ಎಂದು ಗೊತ್ತು.

ಆರ್ವಿಡ್, ಈ ರಾಜೀನಾಮೆಯನ್ನು ನಿನ್ನೆಯೇ ಕೊಟ್ಟು ಊರಿಗೆಲ್ಲ ಸಾರಿ, ಇವತ್ತು ಬೆಳಿಗ್ಗೆಯಿಂದಲೇ ಮನೆಮನೆಗೆ ಹೋಗಿ ಮತ ಕೇಳಬಹುದಿತ್ತು. ಜೋನ್ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ನಾನು ಬರೀ ವರ್ನಾ ಆಗಿದ್ದರೆ ನೀನು ಬಾಗಿಲು ತೆಗೆಯುತ್ತಿರಲಿಲ್ಲ. ಸೂಪರಿಂಟೆಂಡೆಂಟಳ ತಪ್ಪು ಹಿಡಿಯಲು ಮಾತ್ರ ನೀನು ಬರುತ್ತೀ, ಮೊದಲ ಸಾಲಿನಲ್ಲಿ ಕೂರುತ್ತೀ, ಒಂದಕ್ಷರ ಬಿಡದೆ ಕೇಳುತ್ತೀ ಎಂದು ನನಗೆ ಗೊತ್ತಿತ್ತು. ಇಷ್ಟು ಹೊತ್ತು ನೀನು ನನ್ನ ಮಾತು ಕೇಳಿ ಎಷ್ಟು ಕಾಲವಾಯಿತೋ. ಅಷ್ಟಕ್ಕೇ ಕೆಲಸ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಆ ಶಾಲೆ ನಿನಗೆ ಅನ್ಯಾಯ ಮಾಡಿತು. ಊರಿನ ಎದುರು ಹೇಳುತ್ತಿದ್ದೇನೆ. ನಿನಗೆ ಆ ಸರ್ಟಿಫಿಕೇಟ್ ಬರಬೇಕಿತ್ತು, ಆ ಫೋಟೋದಲ್ಲಿ ನೀನಿರಬೇಕಿತ್ತು. ಸೂಪರಿಂಟೆಂಡೆಂಟ್ ಆಗಿ ನಾನು ಎಷ್ಟು ಕಡತ ಹುಡುಕಿದರೂ ಅದನ್ನು ತಿದ್ದಲಾಗಲಿಲ್ಲ. ನಿನ್ನ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಡು ಎಂದು ನಾನು ಕೇಳುವುದಿಲ್ಲ, ನಾನಾಗಿದ್ದರೂ ಬಿಡುತ್ತಿರಲಿಲ್ಲ. ಆದರೆ ಆ ಸಿಟ್ಟು ನಿನ್ನದು, ಟಿಲ್ಡಾಳದ್ದಲ್ಲ. ಅದನ್ನು ಅವಳ ಚೀಲಕ್ಕೆ ತುಂಬಿ ಕತ್ತಲಲ್ಲಿ ಬಸ್ ಹತ್ತಿಸಬೇಡ.

ನಾಳೆ 'ಹೌದು' ಎಂದು ಹಾಕು. ಹಾಕದೆ ಹೋದರೂ ಭಾನುವಾರ ಊಟಕ್ಕೆ ಬಾ. ನಾನು ಮನೆಯಲ್ಲೇ ಇರುತ್ತೇನೆ, ಕೆಲಸವಿಲ್ಲ.

ನನ್ನ ಹರಟೆಯನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಒಮ್ಮೆಯೂ ಕೆಮ್ಮದ ಜೋನ್ ಅವರಿಗೆ, ಆರಿದ ಕಾಫಿಯ ಸೋದರಿಯರಿಗೆ ವಂದನೆಗಳು. ಪಾಸ್ಟರ್, ದಯವಿಟ್ಟು ಆ ಕಡೆಯ ದೀಪ ಸ್ವಲ್ಪ ಕಡಿಮೆ ಮಾಡಿಸಿ. ನನ್ನ ಅಣ್ಣ ಕರವಸ್ತ್ರ ಹುಡುಕುತ್ತಿದ್ದಾನೆ, ಎಲ್ಲರೂ ನೋಡುತ್ತಿದ್ದಾರೆ.

ನಮಸ್ಕಾರ.